ಮುಮೆಯ ಕಾರಿಗೆ ಬೆದ್ರಿಯ ಬೀಗದ ಕೈ

ಹದ್ದು ಬಂದದ್ದು ಮುಮೆಗೆ ಕಾಣಿಸಲೇ ಇಲ್ಲ. ತಲೆಯ ಮೇಲೆ ನೆರಳೊಂದು ಸರಿದ ಹಾಗಾಯಿತು, ಕಿವಿಯ ಪಕ್ಕದಲ್ಲೇ ರೆಕ್ಕೆ ಬಡಿದ ಸದ್ದಾಯಿತು, ಕೈ ಹಗುರವಾಯಿತು. ಅಷ್ಟೇ. ಆಗತಾನೇ ಕೊಂಡ ಒಂಟೆ ಮಾಂಸದ ಪೊಟ್ಟಣವೂ, ಅದರ ದಾರದ ಜೊತೆಗೇ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಕಾರಿನ ಬೀಗದ ಕೈಗಳ ಬಳೆಯೂ ಹರಾರ್ ಪಟ್ಟಣದ ಆಕಾಶಕ್ಕೆ ಏರಿಹೋದವು.

ಗಿದಿರ್ ಮಗಲ ಸಂತೆಯಲ್ಲಿ ಹದ್ದು ಮಾಂಸ ಕಿತ್ತುಕೊಂಡು ಹೋಗುವುದೇನೂ ಹೊಸದಲ್ಲ. ಮಾಂಸದಂಗಡಿಗಳ ಕಮಾನಿನ ಮೇಲೆ ಅವು ಸಾಲಾಗಿ ಕೂತೇ ಇರುತ್ತವೆ. ತಿಳಿದವರು ಪೊಟ್ಟಣವನ್ನು ಸೆರಗಿನಲ್ಲೋ ಶಾಲಿನಲ್ಲೋ ಮುಚ್ಚಿಕೊಂಡು ನಡೆಯುತ್ತಾರೆ. ಇದೇ ಊರಲ್ಲಿ ಹುಟ್ಟಿ ಗಡ್ಡ ನರೆಸಿಕೊಂಡ ಮುಮೆಗೂ ಇದು ತಿಳಿಯದ್ದಲ್ಲ. ಆದರೆ ಅವನು ಯಾರ ಜೊತೆಗೋ ಮಾತಾಡುತ್ತಾ ಬರುತ್ತಿದ್ದ. ಮಾತಾಡುವಾಗ ಅವನ ಕೈ ಗಾಳಿಯಲ್ಲಿ ಆಡಲೇಬೇಕು.

"ಬೀಳ್ಸತ್ತೆ ಬೀಳ್ಸತ್ತೆ, ನೋಡ್ತಾ ಇರಿ!" ಎಂದು ಸಂತೆಯವರು ಕತ್ತು ಎತ್ತಿದರು. ಹದ್ದು ಗೋಡೆ ದಾಟಿ ಮನೆಗಳ ತಾರಸಿಯ ಮೇಲೆ ಮರೆಯಾಯಿತು. ಇಬ್ಬರು ಪುಣ್ಯಾತ್ಮರು ತಾರಸಿಯಿಂದ ತಾರಸಿಗೆ ಹಾರಿ ಹುಡುಕಿದರು. ರಕ್ತ ಹತ್ತಿದ ಕಾಗದ ಸಿಕ್ಕಿತು, ದಾರ ಸಿಕ್ಕಿತು. ಬೀಗದ ಕೈ ಸಿಗಲಿಲ್ಲ.

"ರಾತ್ರಿ ನಮ್ಮ ಬೀದಿಗೆ ಬರೋ ಕತ್ತೆಕಿರುಬ ಆಗಿದ್ರೆ ಮರ್ಯಾದೆಯಾಗಿ ಮಾಂಸ ತಿಂದು ಕೀ ಬಿಟ್ಟು ಹೋಗ್ತಿತ್ತು," ಎಂದ ಮಾಂಸದಂಗಡಿಯವ. "ಹದ್ದಿಗೆ ನಿಮ್ಮ ಕಾರೇ ಬೇಕಾಗಿದೆ ಅಂತ ಕಾಣತ್ತೆ."

ಎಲ್ಲರೂ ನಕ್ಕರು. ಮುಮೆಯೂ ನಕ್ಕ. ಕಾರಿನ ಹತ್ತಿರ ಬರುವವರೆಗೂ ಅವನಿಗೆ ನಗು ಇತ್ತು.

ಕಾರು ನಿಂತಿದ್ದದ್ದು ದರ್ಜಿಗಳ ಬೀದಿಯಲ್ಲಿ. ನೀಲಿ ಮೈ, ಬಿಳಿ ಮಾಡು, ಹಳೇ ಪೂಜೋ ನಾನೂರ ನಾಲ್ಕು. ಮುಮೆ ಮದುವೆಯಾಗುವ ಮೊದಲೇ ಅದು ಟ್ಯಾಕ್ಸಿಯಾಗಿತ್ತು. ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ಎಂದೋ ಹೋಗಿತ್ತು, ಹಾಗಾಗಿ ಒಳಗೆ ಕೂರುವುದಕ್ಕೇನೂ ತೊಂದರೆಯಿರಲಿಲ್ಲ. ತೊಂದರೆ ಬೇರೆ. 'ಐದೇ ನಿಮಿಷ' ಎಂದು ಮೂತಿಯನ್ನು ಓರೆ ಮಾಡಿ ನಿಲ್ಲಿಸಿ, ಕೀ ಕಿತ್ತುಕೊಂಡು ಇಳಿದಿದ್ದ. ಸ್ಟೇರಿಂಗ್ ಹಾಗೇ ಓರೆಯಲ್ಲಿ ಲಾಕ್ ಆಗಿತ್ತು. ತಂತಿ ಜೋಡಿಸಿ ಇಂಜಿನ್ ಎಬ್ಬಿಸಿದರೂ ಗಾಡಿ ನೇರ ಹೋಗುವುದು ಎದುರಿನ ದರ್ಜಿಯ ಅಂಗಡಿಯೊಳಕ್ಕೆ.

ಆ ದರ್ಜಿಯ ಹೆಸರು ಶಂಸು. ಹೊಸ್ತಿಲಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯ ಬೆಳಕಿನಲ್ಲಿ ಹೊಲಿಯುವವನು. ಈಗ ಅವನ ಬೆಳಕಿಗೆ ಅಡ್ಡವಾಗಿ ಪೂಜೋದ ಬಾನೆಟ್ಟು ನಿಂತಿತ್ತು.

"ಮುಮೆಯಣ್ಣ, ಮದುವೆ ಹೆಣ್ಣಿನ ಬಟ್ಟೆ ಹೊಲೀತಾ ಇದೀನಿ. ಕತ್ತಲಲ್ಲಿ ಹೊಲಿದ್ರೆ ತೋಳು ಕಾಲಿಗೆ ಬರತ್ತೆ."

"ಬಂದ್ರೆ ಬರ್ಲಿ ಬಿಡೋ, ಗಂಡಿನ ಕಡೆಯವ್ರು ಮೊದಲ ದಿನ ಮುಖ ಬಿಟ್ಟು ಬೇರೇನೂ ನೋಡಲ್ಲ," ಎಂದ ಮುಮೆ. ಬಾಯಿ ಎಂದಿನಂತೆ ಓಡಿತೇ ಹೊರತು ಮನಸ್ಸು ಅದರ ಹಿಂದೆ ಹೋಗಲಿಲ್ಲ.

ಸುದ್ದಿ ಹರಡುವುದಕ್ಕೆ ಹೊತ್ತು ಬೇಕಾಗಲಿಲ್ಲ. ಕುದುರೆಸಂತೆ ಚೌಕದಲ್ಲಿ ಬಾಡಿಗೆಗೆ ಕಾಯುತ್ತಿದ್ದ ಟ್ಯಾಕ್ಸಿಯವರು ಒಬ್ಬೊಬ್ಬರಾಗಿ ಇಳಿದು ಬಂದರು. ಊರಿನಲ್ಲಿ ಇನ್ನೂ ಓಡುತ್ತಿದ್ದ ಹಳೇ ಪೂಜೋಗಳೆಲ್ಲ ಅವರವೇ. ಬೀಗಗಳೂ ಹಳೆಯವು, ಹಲ್ಲು ಸವೆದವು. ಒಬ್ಬನ ಕೀ ಇನ್ನೊಬ್ಬನ ಗಾಡಿಗೆ ತಿರುಗಿದ ಉದಾಹರಣೆ ಎಷ್ಟೋ ಇತ್ತು. ಆದ್ದರಿಂದ ಎಲ್ಲರೂ ತಮ್ಮ ತಮ್ಮ ಕೀ ಹಿಡಿದು ಸಾಲು ನಿಂತರು.

"ಬಿಸ್ಮಿಲ್ಲಾ ಹೇಳಿ ತಿರುಗಿಸು."

"ಹೇಳಿದೆ. ನಿನ್ನ ಥರ ಮನಸ್ಸಲ್ಲಿ ಬೈಕೊಂಡು ಹೇಳಲ್ಲ ನಾನು."

"ಉಸ್ಮಾಯಿಲ್, ಅದು ನಿಮ್ಮನೆ ಕಪಾಟಿನ ಕೀ ಕಣೋ!"

"ಇರ್ಲಿ, ಒಂದು ಕೈ ನೋಡೋಣ."

ಒಬ್ಬನದು ಒಳಗೇ ಹೋಗಲಿಲ್ಲ. ಇನ್ನೊಬ್ಬನದು ಒಳಗೆ ಹೋಗಿ ಹೊರಗೆ ಬರುವುದಕ್ಕೆ ಹಟ ಮಾಡಿತು. ಯಾವುದೂ ತಿರುಗಲಿಲ್ಲ. ಮುಮೆ ಕಾರಿಗೆ ಒರಗಿಕೊಂಡು ಪ್ರತಿಯೊಬ್ಬನಿಗೂ ಒಂದೊಂದು ಹಾಸ್ಯದ ಮಾತು ಹೇಳಿ ಕಳಿಸುತ್ತಿದ್ದ. ಆದರೆ ಇವು ಯಾವುವೂ ತಿರುಗುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು. ಯಾವುದು ತಿರುಗುತ್ತದೆ ಎಂಬುದೂ ಗೊತ್ತಿತ್ತು. ಅದೊಂದನ್ನು ಬಿಟ್ಟು ಊರಿನ ಕೀಗಳೆಲ್ಲ ಬರಲಿ, ಯಾವುದಾದರೂ ಒಂದು ತಿರುಗಿಬಿಡಲಿ ಎಂದು ಬೇಡಿಕೊಳ್ಳುತ್ತಾ ನಿಂತಿದ್ದ.

ಆ ಕೀ ಇದ್ದದ್ದು ಅವನ ಹೆಂಡತಿಯ ತಮ್ಮ ಬೆದ್ರಿಯ ಹತ್ತಿರ.

ಪ್ರಾಯದಲ್ಲಿ ಭಾವ, ಭಾವಮೈದುನ ಇಬ್ಬರೂ ಒಂದೇ ಸಲ ಟ್ಯಾಕ್ಸಿಗೆ ಇಳಿದವರು. ಇಬ್ಬರ ಗಾಡಿಗೂ ಬೀಗ ಕೆಟ್ಟಾಗ ದಿರೆ ದಾವಾ ಪಟ್ಟಣಕ್ಕೆ ಹೋಗಿ, ಉರುಳಿ ಜಜ್ಜಿಹೋಗಿದ್ದ ಪೂಜೋ ಒಂದನ್ನು ಕೂಡಿ ಕೊಂಡು ಬಿಚ್ಚಿದ್ದರು. ಇಂಜಿನ್ ಬೀಗ ಮುಮೆಯ ಗಾಡಿಗೆ ಹೋಯಿತು, ಬಾಗಿಲಿನ ಬೀಗಗಳು ಬೆದ್ರಿಯ ಗಾಡಿಗೆ. ಒಂದೇ ಗಾಡಿಯವಾದ್ದರಿಂದ ಎಲ್ಲಕ್ಕೂ ಒಂದೇ ಬಗೆಯ ಕೀ. "ನನ್ನ ಬಾಗಿಲು ತೆಗೆಯೋಕೂ ನಿಮ್ಮ ಇಂಜಿನ್ ಎಬ್ಬಿಸೋಕೂ ಒಂದೇ ಕೀ ಭಾವ, ಇನ್ನು ಜಗಳ ಆಡೋಹಾಗಿಲ್ಲ," ಎಂದಿದ್ದ ಬೆದ್ರಿ.

ಜಗಳವನ್ನೇನೂ ಅವರು ಆಡಲಿಲ್ಲ. ಆದದ್ದು ಇಷ್ಟೇ. ಬೆದ್ರಿಯ ಗಾಡಿಯ ಇಂಜಿನ್ ಒಂದು ದಿನ ನಿಂತೇಹೋಯಿತು. ಬಿಡಿಭಾಗ ಸಿಗಲಿಲ್ಲ. ಅವನು ಮೂರು ಗಾಲಿಯ ಬಜಾಜ್ ಒಂದನ್ನು ತಂದು ಓಡಿಸತೊಡಗಿದ. ಅದಾದ ಸ್ವಲ್ಪ ದಿನಕ್ಕೆ ನೆಂಟರ ಮದುವೆಯಲ್ಲಿ, ಗಂಡಸರೆಲ್ಲ ಕೂತು ಅಮಲಿನ ಸೊಪ್ಪು ಜಗಿಯುತ್ತಿದ್ದಾಗ, ಬೆದ್ರಿ ಒಳಗೆ ಬಂದ. ಮುಮೆ ಜೋರಾಗಿ, "ದಾರಿ ಬಿಡ್ರಪ್ಪಾ, ಕುದುರೆ ಮಾರಿ ಕುಂಟ ಮೇಕೆ ತಂದವನು ಬಂದ! ಕೂತ್ಕೋ ಬೆದ್ರಿ, ಹುಷಾರು, ನಿಂಗೀಗ ಮೂರೇ ಕಾಲು!" ಎಂದ. ಚಪ್ಪರವೆಲ್ಲ ನಕ್ಕಿತು. ಬೆದ್ರಿ ಕೂತ, ಯಾರೋ ಕೈಗೆ ಕೊಟ್ಟ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಎದ್ದುಹೋದ. ಆಮೇಲೆ ಮುಮೆಯ ಮನೆಯ ಮೆಟ್ಟಿಲು ಹತ್ತಲಿಲ್ಲ. ದಾರಿಯಲ್ಲಿ ಎದುರಾದರೆ ಸಲಾಂ ಹೇಳುತ್ತಿದ್ದ, ಅದೂ ಗುರುತಿಲ್ಲದವರಿಗೆ ಹೇಳುವಷ್ಟೇ. ಹೀಗೇ ಮೂರು ವರ್ಷ ಕಳೆದಿತ್ತು.

ಮಧ್ಯಾಹ್ನದ ಹೊತ್ತಿಗೆ ಮುಮೆಯ ಹೆಂಡತಿ ಕಿಮಿಯಾ ಬಂದಳು. ಅಡುಗೆಗೆ ಮಾಂಸ ಬರುತ್ತದೆಂದು ಒಲೆ ಹೊತ್ತಿಸಿ ಕಾದು ಸಾಕಾಗಿ, ದಾರಿಯಲ್ಲೇ ಎಲ್ಲ ಕೇಳಿಕೊಂಡು ಬಂದಿದ್ದಳು.

"ಇನ್ನೊಂದು ಕೀ ಇತ್ತಲ್ಲ?"

"ಅದೂ ಅದೇ ಬಳೇಲಿತ್ತು."

"ಎರಡನ್ನೂ ಒಂದೇ ಬಳೇಲಿ ಇಟ್ಕೊಂಡಿದ್ರಾ?"

"ಬೇರೆ ಬೇರೆ ಇಟ್ರೆ ಒಂದು ಕಳೆದುಹೋಗತ್ತೆ ಅಂತ..."

ಶಂಸು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಗತೊಡಗಿದ. ಕಿಮಿಯಾ ನಗಲಿಲ್ಲ. ಕಾರಿನೊಳಗೆ ತಲೆ ತೂರಿಸಿ ಬೀಗವನ್ನು ನೋಡಿದಳು, ಸಾಲು ನಿಂತಿದ್ದವರನ್ನು ನೋಡಿದಳು, ಆಮೇಲೆ ಗಂಡನನ್ನು.

"ಬೆದ್ರಿಗೆ ಹೇಳಿ ಕಳಿಸಿದ್ರಾ?"

ಮುಮೆ ಬಾನೆಟ್ಟಿನ ಧೂಳನ್ನು ತೋಳಿನಿಂದ ಒರೆಸತೊಡಗಿದ.

"ಬೀಗ ಒಡೆಸ್ತೀನಿ," ಎಂದ ಕೊನೆಗೆ.

"ಒಡೆಸಿ ಆಮೇಲೆ ಹೊಸ ಬೀಗ ಎಲ್ಲಿಂದ ತರ್ತೀರಿ? ಹದ್ದಿನ ಗೂಡಿಂದಾನಾ?"

"ನೀನೇ ಹೋಗಿ ಇಸ್ಕೊಂಡು ಬಾ. ನಿನ್ನ ತಮ್ಮ ತಾನೇ."

"ನಾನು ಹೋಗಲ್ಲ. ಮೂರು ವರ್ಷ ಹಬ್ಬಕ್ಕೆ ಒಬ್ಬಳೇ ಹೋಗಿ ಬಂದಿದೀನಿ, 'ಅವರ್ಯಾಕೆ ಬರ್ಲಿಲ್ಲ' ಅಂದವರಿಗೆಲ್ಲ ಹೊಟ್ಟೆನೋವು ತಲೆನೋವು ಅಂತ ಸುಳ್ಳು ಹೇಳಿದೀನಿ. ಆವತ್ತು ಬಾಯಿ ಬಿಟ್ಟವರು ನೀವು. ಇವತ್ತು ಕಾಲೂ ನಿಮ್ಮದೇ ಸವೆಯಲಿ."

ಹಾಗೆಂದವಳು ಶಂಸುವಿನ ಪಕ್ಕದ ಮುಕ್ಕಾಲಿ ಎಳೆದುಕೊಂಡು ಕೂತು, ಮದುವಣಗಿತ್ತಿಯ ಬಟ್ಟೆಯ ಅಂಚನ್ನು ಕೈಗೆತ್ತಿಕೊಂಡು ಹೊಲಿಯತೊಡಗಿದಳು. ಇನ್ನು ಅವಳನ್ನು ಅಲ್ಲಿಂದ ಏಳಿಸುವುದು ಕಾರನ್ನು ಕದಲಿಸುವುದಕ್ಕಿಂತ ಕಷ್ಟ.

ಮುಮೆ ನಡೆದ. ಕೋಟೆಯ ಶೋವಾ ಬಾಗಿಲು ದಾಟಿ, ತರಕಾರಿ ಸಂತೆ ದಾಟಿ, ಏರು ಹತ್ತಿ ಬೆದ್ರಿಯ ಮನೆ. ಎಷ್ಟೋ ವರ್ಷದಿಂದ ಅವನು ಇಷ್ಟು ದೂರ ನಡೆದಿರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡು ಹೋದ. ಜೋಡಿಸಿದ ಮಾತೆಲ್ಲ ಒಂದಲ್ಲ ಒಂದು ಕಡೆ ಹಾಸ್ಯಕ್ಕೇ ತಿರುಗುತ್ತಿತ್ತು. ಅಂಗಳದ ಬಾಗಿಲಿಗೆ ಬಂದಾಗ ಅವನ ಬಾಯಲ್ಲಿ ಒಂದೂ ಉಳಿದಿರಲಿಲ್ಲ.

ಬಾಗಿಲು ತೆಗೆದವಳು ಬೆದ್ರಿಯ ಹೆಂಡತಿ ಇಫ್ತು. ಒಂದು ಗಳಿಗೆ ನೋಡುತ್ತಾ ನಿಂತಳು. ಆಮೇಲೆ, ನಿನ್ನೆಯೂ ಬಂದುಹೋದವನಿಗೆ ಹೇಳುವ ಹಾಗೆ, "ಬನ್ನಿ ಭಾವ, ಬಿಸಿಲಲ್ಲಿ ನಡ್ಕೊಂಡು ಬಂದ್ರಾ? ಕೂತ್ಕೊಳ್ಳಿ, ಅವರು ಈಗ ಬರ್ತಾರೆ," ಎಂದು ಕಾಫಿ ಎಲೆ ಕುದಿಸಿ ಹಾಲು ಹಾಕಿದ ಕಷಾಯವನ್ನು ತಂದಿಟ್ಟಳು.

ಮುಮೆ ಕುಡಿಯಲಿಲ್ಲ. ಅವನು ಅಂಗಳದ ಮೂಲೆಯನ್ನೇ ನೋಡುತ್ತಿದ್ದ. ಬೆದ್ರಿ ಮಾರಿಬಿಟ್ಟಿದ್ದಾನೆಂದು ತಾನು ಊರಿಗೆಲ್ಲ ಹೇಳಿದ್ದ ಪೂಜೋ ಅಲ್ಲಿ ನಿಂತಿತ್ತು. ಗಾಲಿಗಳಿರಲಿಲ್ಲ, ಕಲ್ಲಿನ ಮೇಲೆ ಎತ್ತಿ ಕೂರಿಸಿತ್ತು. ಆದರೆ ಗಾಜುಗಳು ಇವತ್ತು ಬೆಳಿಗ್ಗೆ ಒರೆಸಿದ ಹಾಗೆ ಹೊಳೆಯುತ್ತಿದ್ದವು.

"ಮಾರಿಲ್ವಾ?"

"ಮಾರೋದಾ!" ಎಂದಳು ಇಫ್ತು. "ದಿನಾ ಸಂಜೆ ಬಂದು ಅದರೊಳಗೆ ಕೂತು ರೇಡಿಯೋ ಕೇಳ್ತಾರೆ. ಬಾಗಿಲಿಗೆ ಬೀಗ ಬೇರೆ. ಅದೊಂದು ಸವತಿ ನನಗೆ."

ಹೊರಗೆ ಬಜಾಜ್ ಬಂದು ನಿಂತ ಸದ್ದಾಯಿತು. ಬೆದ್ರಿ ಒಳಗೆ ಬಂದವನು ಮುಮೆಯನ್ನು ಕಂಡು ಅಲ್ಲೇ ನಿಂತ. ತೆಳ್ಳನೆಯ ಮನುಷ್ಯ, ಮಾತು ಕಡಿಮೆ.

"ಸಲಾಂ."

"ಸಲಾಂ," ಎಂದ ಮುಮೆ. ಎದ್ದು ನಿಂತ. "ಹದ್ದು..."

"ಕೇಳಿದೆ."

"ಎಲ್ಲರ ಕೀನೂ ಹಾಕಿ ನೋಡಿದ್ವಿ."

"ಅದೂ ಕೇಳಿದೆ. ಎರಡು ಸಲ ಅದೇ ಬೀದೀಲಿ ಹೋದೆ ನಾನು." ಬೆದ್ರಿ ಅಂಗಿಯ ಜೇಬಿಗೆ ಕೈ ಹಾಕಿ ಕೀ ತೆಗೆದ. "ಬೆಳಿಗ್ಗೆಯಿಂದ ಇದು ಜೇಬಲ್ಲೇ ಇದೆ. ಯಾರೂ ಕರೀಲಿಲ್ಲ."

"ಈಗ ಕೇಳೋಕೆ ಬಂದಿದೀನಿ ಬೆದ್ರಿ. ನಿನ್ನ ಕೀ ಕೊಡು."

ಬೆದ್ರಿ ಕೊಡುವ ಹಾಗೆ ಕೈ ಚಾಚಿದವನು ಮತ್ತೆ ಹಿಂದಕ್ಕೆ ಎಳೆದುಕೊಂಡ. "ಇದು ಬಾಗಿಲಲ್ಲಿ ತಿರುಗಿ ತಿರುಗಿ ಸವೆದಿದೆ. ನಿಮ್ಮ ಕೈ ಒರಟು, ಒಳಗೇ ಮುರೀತೀರಿ. ನಾನೇ ಬರ್ತೀನಿ. ಹತ್ತಿ."

ಮುಮೆ ಹೊರಗೆ ನಿಂತಿದ್ದ ಬಜಾಜನ್ನು ನೋಡಿದ. ಅದರೊಳಗೆ ಕಾಲಿಡುವುದಿಲ್ಲವೆಂದು ಅವನು ಆಣೆ ಪ್ರಮಾಣವೇನೂ ಮಾಡಿರಲಿಲ್ಲ. ಆದರೆ ಅವನು ಅದನ್ನು ಹತ್ತುವವನಲ್ಲವೆಂಬುದು ಊರಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ತಲೆ ತಗ್ಗಿಸಿ ಹತ್ತಿದ. ಮೊಣಕಾಲು ಗದ್ದಕ್ಕೆ ಬಂತು. ಏರು ಇಳಿದು ಸಂತೆ ಹತ್ತಿರವಾದಂತೆ ಪಕ್ಕದ ಟಾರ್ಪಾಲಿನ ಪರದೆಯನ್ನು ಮೆಲ್ಲಗೆ ಎಳೆದುಕೊಂಡು ಮುಖಕ್ಕೆ ಅಡ್ಡ ಹಿಡಿದ. ಶೋವಾ ಬಾಗಿಲಲ್ಲಿ ಯಾರೋ, "ಅಲ್ನೋಡ್ರೋ, ಮುಮೆಯಣ್ಣ!" ಎಂದು ಕೂಗಿದರು. ಅವನು ಇನ್ನಷ್ಟು ಕುಗ್ಗಿ, ಸೀಟಿನ ಕೆಳಗೆ ಏನೋ ಬಿದ್ದದ್ದನ್ನು ಹುಡುಕುವವನಂತೆ ಬಗ್ಗಿಬಿಟ್ಟ. ಬೆದ್ರಿ ಕನ್ನಡಿಯಲ್ಲಿ ನೋಡಿದ.

ದರ್ಜಿಗಳ ಬೀದಿಯಲ್ಲಿ ಜನ ಇನ್ನೂ ಇದ್ದರು. ಕಿಮಿಯಾ ಬಟ್ಟೆಯಿಂದ ಕಣ್ಣೆತ್ತಿ ತಮ್ಮನನ್ನೂ ಗಂಡನನ್ನೂ ಒಟ್ಟಿಗೆ ನೋಡಿ ಮತ್ತೆ ಬಟ್ಟೆಗೆ ಬಗ್ಗಿದಳು. ದಾರ ಮಾತ್ರ ಸೂಜಿಯಿಂದ ಜಾರಿತು.

ಬೆದ್ರಿ ಪೂಜೋದೊಳಗೆ ಕೂತ. ಕೀಯನ್ನು ಹಾಕಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು, ಎಡಗೈಯಿಂದ ಸ್ಟೇರಿಂಗನ್ನು ಆ ಕಡೆ ಈ ಕಡೆ ಮೆಲ್ಲಗೆ ಅಲುಗಿಸಿದ. ತಿರುಗಲಿಲ್ಲ. ಇನ್ನೊಮ್ಮೆ. ಸುತ್ತ ನಿಂತವರು ಕಿಟಕಿಗೆ ಬಗ್ಗಿದರು. ಮೂರನೆಯ ಸಲ ಒಳಗೆಲ್ಲೋ 'ಟಕ್' ಎಂದಿತು, ಸ್ಟೇರಿಂಗ್ ಬಿಟ್ಟುಕೊಂಡಿತು. ಎಬ್ಬಿಸಿದಾಗ ಇಂಜಿನ್ ಒಂದೇ ಸಲಕ್ಕೆ ಕೆಮ್ಮಿ ಎದ್ದಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

"ಆರಿಸಬೇಡ, ಆರಿಸಬೇಡ!" ಎಂದ ಮುಮೆ. "ಸೀದಾ ಕೀ ಮಾಡೋ ಗೆಟಾಹುನ್ ಹತ್ರ ಹೋಗೋಣ. ಕೀ ತಿರುಗಿದ್ರೆ ಬೀಗಾನ ಒಡೆಯದೆ ಹಾಗೇ ಹೊರಗೆ ತೆಗೀಬಹುದು ಅಂತಾನೆ ಅವನು. ಅದನ್ನ ನೋಡಿ ಹೊಸ ಕೀ ಮಾಡ್ತಾನೆ."

"ಹಾಗಾದ್ರೆ ನಾನೇ ಓಡಿಸ್ಬೇಕು. ನೀವು ಆ ಕಡೆ ಕೂತ್ಕೊಳ್ಳಿ."

ಮುಮೆ ತನ್ನ ಗಾಡಿಯಲ್ಲಿ ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತ. ಪೂಜೋ ಹೊರಟಿತು. ಅದು ಖಾಲಿ ಮಾಡಿದ ಜಾಗದ ಎದುರಿಗೇ, ಅಂಗಡಿಯ ಹೊಸ್ತಿಲಿಗೆ ಅಂಟಿಕೊಂಡ ಹಾಗೆ, ಬೆದ್ರಿಯ ಬಜಾಜ್ ನಿಂತಿತ್ತು.

"ಅಯ್ಯೋ ಮಾರಾಯರಾ!" ಎಂದು ಶಂಸು ಹಿಂದಿನಿಂದ ಕೂಗುವುದು ಕೇಳಿಸಿತು. "ನಾಲ್ಕು ಗಾಲಿ ಹೋಯ್ತು ಅಂದ್ರೆ ಮೂರು ಗಾಲಿ ಬಂತಲ್ಲೋ! ಈ ಹೆಣ್ಣಿಗೆ ಮದುವೆ ಆಗೋದು ಹೇಗೆ?"

ಗೆಟಾಹುನ್‌ನ ಅಂಗಡಿಯೆಂದರೆ ಕೋಟೆಯ ಹೊರಗೆ ಒಂದು ತಗಡಿನ ಗೂಡು, ಮುಂದೆ ಹಲಗೆ, ಹಲಗೆಯ ಮೇಲೆ ಅರಗಳು. ಅವನು ಸ್ಟೇರಿಂಗಿನ ಕೆಳಗಿನ ತಿರುಪು ಬಿಚ್ಚಿ, ಕೀ ತಿರುಗಿಸಿ ಹಿಡಿದುಕೊಳ್ಳಲು ಬೆದ್ರಿಗೆ ಹೇಳಿ, ಬೀಗವನ್ನು ಕೊಳವೆಯಿಂದ ಹೊರಗೆಳೆದ. ಸವೆದ ಕೀಯನ್ನು ನೋಡಿ ಸವೆದ ಕೀಯನ್ನೇ ಮಾಡುವುದರಲ್ಲಿ ಅರ್ಥವಿಲ್ಲವೆಂದು, ಬೀಗದ ಒಳಗಿನ ಪುಟ್ಟ ತಗಡುಗಳನ್ನು ಒಂದೊಂದಾಗಿ ನೋಡುತ್ತಾ ಹೊಸ ಕೀಗೆ ಅರ ಹಾಕತೊಡಗಿದ. ಅದು ಬೇಗ ಮುಗಿಯುವ ಕೆಲಸವಲ್ಲ. ಭಾವ, ಭಾವಮೈದುನ ಇಬ್ಬರೂ ಗೋಡೆಯ ನೆರಳಲ್ಲಿ ಒಂದು ಕಲ್ಲಿನ ಮೇಲೆ ಕೂತರು.

ಗೆಟಾಹುನ್ ಒಂದು ಅರ ಇಟ್ಟು ಇನ್ನೊಂದನ್ನು ಎತ್ತಿಕೊಂಡ.

"ಆವತ್ತು ಮದುವೆಮನೇಲಿ," ಎಂದು ಶುರುಮಾಡಿದ ಮುಮೆ, "ನಾನು ಹೇಳಿದ್ದು ತಪ್ಪು. ಗಾಡಿ ನಿಂತದ್ದು ನಿನ್ನ ಕೈಲಿತ್ತಾ? ನನ್ನದು ನಿಂತಿದ್ರೆ ನಾನೂ ಅದನ್ನೇ ಓಡಿಸ್ತಿದ್ದೆ. ಮೇಕೆ ಅಂದ್ಬಿಟ್ಟೆ."

"ಮೇಕೆ ಅಂದದ್ದಕ್ಕಲ್ಲ," ಎಂದ ಬೆದ್ರಿ. "ಚಿಕ್ಕಂದಿನಿಂದ ನಿಮ್ಮ ಬಾಯಿ ಕೇಳ್ಕೊಂಡೇ ಬೆಳೆದವನು ನಾನು. ಅದಕ್ಕೆ ಎದ್ದುಹೋಗ್ತೀನಾ?"

"ಮತ್ತೆ?"

ಬೆದ್ರಿ ನೆಲದಲ್ಲಿದ್ದ ಕಡ್ಡಿ ಒಂದನ್ನು ಎತ್ತಿ ಎರಡು ತುಂಡು ಮಾಡಿದ.

"ಮಹದಿ ಅಲ್ಲೇ ಕೂತಿದ್ದ. ಅವನೂ ನಕ್ಕ."

ಮಹದಿ ಎಂದರೆ ಬೆದ್ರಿಯ ಮಗ. ಮೂರು ವರ್ಷದ ಹಿಂದೆ ಅವನಿಗೆ ಮೀಸೆ ಚಿಗುರುವ ವಯಸ್ಸು. ಆ ದಿನ ಯಾರು ಯಾರು ನಕ್ಕರೆಂದು ಮುಮೆ ನೋಡಿರಲಿಲ್ಲ. ನಗು ಎಷ್ಟು ದೊಡ್ಡದಾಗಿ ಬಂತೆಂದು ಮಾತ್ರ ನೋಡಿದ್ದ. ಅವನು ಬೆದ್ರಿಯ ಮೊಣಕಾಲಿನ ಮೇಲೆ ಕೈ ಇಟ್ಟ. ಬೆದ್ರಿ ಅದನ್ನು ಸರಿಸಲಿಲ್ಲ.

"ತಗೊಳ್ಳಿ, ಹಾಕಿ ನೋಡಿ," ಎಂದ ಗೆಟಾಹುನ್.

ಹೊಸ ಕೀ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದು, ಮುಮೆಯ ಒರಟು ಕೈಗೂ ಸಲೀಸಾಗಿ ತಿರುಗಿತು. ಹೀಗೆ ತಿರುಗಿದ್ದನ್ನು ಅವನು ವರ್ಷಗಳಿಂದ ಕಂಡಿರಲಿಲ್ಲ. ಇನ್ನೊಂದನ್ನೂ ಮಾಡಿಸಿದ. ಬೆದ್ರಿ ತನ್ನ ಹಳೆಯದನ್ನು ಒರೆಸಿ ಜೇಬಿಗೆ ಹಾಕಿಕೊಂಡು, "ಹೊರಡೋಣ ಭಾವ, ಶಂಸು ನನ್ನ ಬಜಾಜಿಗೆ ಸೂಜಿ ಚುಚ್ಚಿರ್ತಾನೆ," ಎಂದ.

ಆ ರಾತ್ರಿ ಕಿಮಿಯಾಳ ಮನೆಯಲ್ಲಿ ಮಾಂಸವಿಲ್ಲದ ಊಟ. ಬೆದ್ರಿಯೂ ಇಫ್ತುವೂ ಬಂದರು. ಮಹದಿ ಬರಲಿಲ್ಲ, ಯಾವುದೋ ಕೆಲಸವಂತೆ.

ಮುಂದಿನ ಶುಕ್ರವಾರ ನಮಾಜು ಮುಗಿಸಿ ಉಸ್ಮಾಯಿಲ್‌ನ ಮನೆಯಲ್ಲಿ ಟ್ಯಾಕ್ಸಿಯವರೆಲ್ಲ ಸೇರಿದ್ದರು. ಅವರ ನಡುವೆ ಮಹದಿಯೂ ಕೂತಿದ್ದ. ಈಗ ಬೆಳಗಿನ ಹೊತ್ತು ಅಪ್ಪನ ಬಜಾಜ್ ಅವನೇ ಓಡಿಸುತ್ತಿದ್ದ. ಬೆದ್ರಿ ಬಂದಿರಲಿಲ್ಲ. ಹದ್ದಿನ ಕಥೆ ಹೇಳು ಎಂದು ಎಲ್ಲರೂ ಮುಮೆಯನ್ನು ಹಿಡಿದರು.

ಮುಮೆ ಹೇಳಿದ. ಹದ್ದನ್ನು ಬೇಗ ಮುಗಿಸಿದ. ಬಜಾಜ್ ಹತ್ತಿದ ಭಾಗವನ್ನು ಮಾತ್ರ ಉದ್ದ ಮಾಡಿದ. ತಾನು ಹೇಗೆ ಗಂಟುಮೂಟೆಯ ಹಾಗೆ ಮಡಚಿಕೊಂಡೆ, ಪರದೆಯನ್ನು ಹೊಸ ಸೊಸೆಯ ಮುಸುಕಿನ ಹಾಗೆ ಹೇಗೆ ಎಳೆದುಕೊಂಡೆ, ಶೋವಾ ಬಾಗಿಲಲ್ಲಿ ಹೆಸರು ಕೂಗಿದಾಗ ಸೀಟಿನ ಕೆಳಗೆ ಇಲ್ಲದ ಚಪ್ಪಲಿಯನ್ನು ಹೇಗೆ ಹುಡುಕಿದೆ, ಎಲ್ಲವನ್ನೂ ಎದ್ದು ನಿಂತು ಮಾಡಿ ತೋರಿಸಿದ. "ಮುಂದೆ ಇವನಪ್ಪ ರಾಜನ ಹಾಗೆ ಕೂತು ಓಡಿಸ್ತಾ ಇದಾನೆ. ಹಿಂದೆ ನಾನು ಕದ್ದ ಕೋಳಿ!" ಜನ ಗೋಡೆಗೆ ಒರಗಿ, ದಿಂಬಿಗೆ ಒರಗಿ ನಕ್ಕರು. ಇಷ್ಟು ದೊಡ್ಡ ನಗು ಅವನಿಗೂ ಎಂದೂ ಸಿಕ್ಕಿರಲಿಲ್ಲ.

ಮಹದಿ ನಗಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಿದ್ದ. ಗದ್ದಲ ಇಳಿದ ಮೇಲೆ ಮುಮೆಯ ಪಕ್ಕಕ್ಕೆ ಸರಿದು ಮೆಲ್ಲನೆ ಕೇಳಿದ:

"ಮಾಮ, ಇದು ನಿಜಾನಾ?"

"ಯಾಕೋ?"

"ಅಪ್ಪ ಮನೇಲಿ ಬೇರೆ ಥರ ಹೇಳಿದ್ರು. ನೀವು ಹಿಂದಿನ ಸೀಟಲ್ಲಿ ನೆಟ್ಟಗೆ ಕೂತು, ಪರದೆ ಪೂರ್ತಿ ತೆಗೆದು, ದಾರಿಯುದ್ದಕ್ಕೂ ಎಲ್ಲರಿಗೂ ಸಲಾಂ ಹೇಳ್ಕೊಂಡು ಬಂದ್ರಿ ಅಂದ್ರು. 'ನಿನ್ನ ಮಾಮ ನನ್ನ ಗಾಡೀಲಿ ಹೇಗೆ ಕೂತು ಬಂದ್ರು ನೋಡ್ಬೇಕಿತ್ತು ನೀನು' ಅಂದ್ರು."

ಮುಮೆ ಹುಡುಗನ ಮುಖವನ್ನೇ ನೋಡಿದ. ಅಲ್ಲಿ ತಮಾಷೆಯೇನೂ ಇರಲಿಲ್ಲ. ತಾನು ಬಗ್ಗಿ ಅಡಗಿದ್ದನ್ನು ಕಂಡೂ ಬೆದ್ರಿ ಮಗನಿಗೆ ಹೀಗೆ ಹೇಳಿದ್ದಾನೆಂದು ಅವನಿಗೆ ಹೊಳೆಯಿತು. ಆಚೆ ಕಡೆಯಿಂದ ಯಾರೋ, ಇನ್ನೊಂದು ಸಲ ಮಾಡಿ ತೋರಿಸು ಮುಮೆಯಣ್ಣ ಎಂದು ಕೂಗುತ್ತಿದ್ದರು. ಅವನು ಕೇಳಿಸದವನಂತೆ ಹೂಜಿಯನ್ನು ಎಳೆದುಕೊಂಡು ಮಹದಿಯ ಲೋಟಕ್ಕೆ ನೀರು ಬಗ್ಗಿಸಿದ, ಲೋಟ ತುಂಬಿ ಹೊರಚೆಲ್ಲುವವರೆಗೂ ಬಗ್ಗಿಸುತ್ತಲೇ ಇದ್ದ.